ನೀರಿನ ದೊಡ್ಡಪ್ಪ

ನವೆಂಬರ್ ೪

ತಮ್ಮನ ಬಲಗೈ ಹೋಯಿತು. ಮೊಣಕೈಯಿಂದ ಕೆಳಗೆ ಏನೂ ಇಲ್ಲ.

ಬೆಳಿಗ್ಗೆ ನಾನು ಐಸ್ ಫ್ಯಾಕ್ಟರಿಯಲ್ಲಿ ಮಷೀನಿಗೆ ಗಡ್ಡೆ ತಳ್ಳುತ್ತಿದ್ದೆ. ಅದು ಐಸ್ ಪುಡಿ ಮಾಡುವ ಸದ್ದಿನಲ್ಲಿ ಹೊರಗಿನ ಕೂಗು ಕೇಳಿಸಲೇ ಇಲ್ಲ. ಯಾರೋ ಬಂದು ನನ್ನ ರಟ್ಟೆ ಹಿಡಿದು ದೋಣಿಕಟ್ಟೆಗೆ ಎಳೆದುಕೊಂಡು ಹೋದರು. ದೊಡ್ಡಪ್ಪ ಅವನ ದೋಣಿಗೆ ಹಗ್ಗ ಕಟ್ಟಿ ದಡಕ್ಕೆ ತಂದಿದ್ದರು. ದೋಣಿಯ ತಳದಲ್ಲಿ ನೀರಿಗಿಂತ ರಕ್ತವೇ ಹೆಚ್ಚು. ಕಿತ್ತುಹೋದ ಕೈ ಬಲೆಯ ಕೆಳಗೆ ಬಿದ್ದಿತ್ತು. ಕಟ್ಟೆಯ ಗಂಡಸರೆಲ್ಲ ಅಯ್ಯೋ ಅಯ್ಯೋ ಎನ್ನುತ್ತಿದ್ದರೇ ಹೊರತು ಒಬ್ಬನಿಗೂ ಬುದ್ಧಿ ಓಡಲಿಲ್ಲ. ನಾನೇ ಮೀನಿನ ಪೆಟ್ಟಿಗೆಗೆ ಐಸ್ ಪುಡಿ ತುಂಬಿ, ಕೈಯನ್ನು ಅದರೊಳಗೆ ಹುದುಗಿಸಿ ಆಸ್ಪತ್ರೆಗೆ ಹೊತ್ತೊಯ್ದೆ. ಊರಿನವರ ಮೀನೆಲ್ಲ ಕೆಡದ ಹಾಗೆ ಕಾಯುವವಳು, ನನ್ನ ತಮ್ಮನ ಕೈ ಕೆಡಲು ಬಿಡುತ್ತೇನೆಯೇ?

ಡಾಕ್ಟರು ಪೆಟ್ಟಿಗೆಯೊಳಗೆ ನೋಡಿ ಮುಖ ಹಿಂಡಿದರು. "ಇದು ಚಿಂದಿಯಾಗಿದೆಯಮ್ಮ. ಜೋಡಿಸೋಕೆ ಆಗಲ್ಲ."

"ಜೋಡಿಸೋಕೆ ಬರದಿದ್ರೆ ಡಾಕ್ಟರು ಯಾಕಾದ್ರಿ?" ಎಂದು ಕಿರುಚಿದೆ. ನರ್ಸ್ ನನ್ನನ್ನು ಹೊರಗೆ ದಬ್ಬಿದಳು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವರಾಂಡದಲ್ಲಿ ಕುಳಿತೆ. ಐಸ್ ಕರಗಿ ಬಟ್ಟೆಯೆಲ್ಲ ಕೆಂಪಾಯಿತು.

ಸಂಜೆ ಅವನಿಗೆ ಎಚ್ಚರವಾಯಿತು. ಹೇಳಿದ್ದು ಇಷ್ಟೇ. "ದೊಡ್ಡಪ್ಪ ಬಂದ, ಅಕ್ಕ. ದೊಡ್ಡಪ್ಪ ಹಿಡ್ಕೊಂಡ."

ನವೆಂಬರ್ ೬

ನರ್ಸ್ ಇವತ್ತು ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದಳು. "ನಿಮ್ಮ ದೊಡ್ಡಪ್ಪನ ಮೇಲೆ ಪೊಲೀಸ್ ಕಂಪ್ಲೇಂಟ್ ಕೊಡಲ್ವಾ?"

ಇಂಥ ದಿನದಲ್ಲೂ ನಗು ಬಂತು. ಅವಳನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕಾಯಿತು. ನಮ್ಮ ಕೆರೆ ಆಚೆ ದಡ ಕಾಣದಷ್ಟು ದೊಡ್ಡದು. ಅದರೊಳಗೆ ಒಂದು ಪ್ರಾಣಿ ಇದೆಯಂತೆ, ದೋಣಿಗಿಂತ ಉದ್ದವಂತೆ, ಕಪ್ಪು ಬೆನ್ನಂತೆ. ನೀರಿನ ಮೇಲೆ ಇರುವಾಗ ಅದರ ಹೆಸರೆತ್ತಿದರೆ ಮೇಲೆ ಬರುತ್ತದೆ ಎಂದು ಹೆದರಿ, ನಮ್ಮ ಜನ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಾರೆ. ನೆಂಟಸ್ತಿಕೆ ಹಚ್ಚಿದರೆ ಕಚ್ಚುವುದಿಲ್ಲ ಎಂಬ ಲೆಕ್ಕ. ನಮ್ಮನ್ನು ಸಾಕಿದ ದೊಡ್ಡಪ್ಪನೇ ಬೇರೆ. ಅಪ್ಪನ ಅಣ್ಣ. ಅಪ್ಪ ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಜಡೆ ಹಾಕಿದವರು ಅವರೇ. ಈ ದೊಡ್ಡಪ್ಪನ ಬಾಯಲ್ಲಿ ಕಚ್ಚುವುದಕ್ಕೆ ಹಲ್ಲೇ ಉಳಿದಿಲ್ಲ.

"ಮತ್ತೆ ಯಾರ ಮಾತು ಯಾರಿಗೆ ಅಂತ ಹೇಗೆ ಗೊತ್ತಾಗುತ್ತೆ?" ಎಂದು ನರ್ಸ್ ಕೇಳಿದಳು.

ತಮ್ಮನ ಹೆಂಡತಿಯೂ ಮದುವೆಯಾಗಿ ಬಂದ ವಾರ ಇದನ್ನೇ ಕೇಳಿದ್ದಳು. ಅವಳು ನೀರಿಲ್ಲದ ಕಡೆಯವಳು. ಅವತ್ತು ಹೊರಗೆ ಯಾರೋ "ದೊಡ್ಡಪ್ಪ ಬಂದ, ದೊಡ್ಡಪ್ಪ ಬಂದ" ಎಂದು ಓಡುತ್ತಿದ್ದರೆ ಇವಳು ಗಡಿಬಿಡಿಯಲ್ಲಿ ಎದ್ದು ಚಹಾಕ್ಕೆ ನೀರಿಟ್ಟಳು. ಕಟ್ಟೆಯೆಲ್ಲ ವಾರಗಟ್ಟಲೆ ಬಿದ್ದು ಬಿದ್ದು ನಕ್ಕಿತ್ತು. ನಾನೇ ಅವಳಿಗೆ ಪಾಠ ಹೇಳಿದ್ದೆ. "ಬಂದ ಅಂದ್ರೆ ನೀರಿಂದು ಕಣೇ, ಓಡು. ಬಂದ್ರು ಅಂದ್ರೆ ನಮ್ಮೋರು, ಚಹಾ ಇಡು."

ಆ ಪ್ರಾಣಿಯ ಕಥೆ ಮಕ್ಕಳನ್ನು ನೀರಿನಿಂದ ದೂರ ಇಡಲು ಕಟ್ಟಿದ್ದು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ. ಈಗ ತಮ್ಮನ ಮಂಚದ ಪಕ್ಕ ಕುಳಿತು ಆ ಮೊಂಡುಗೈ ನೋಡುವಾಗ ಏನು ಹೇಳಲಿ? ದೊಡ್ಡಪ್ಪ ಆಸ್ಪತ್ರೆಗೆ ದಿನವೂ ಬರುತ್ತಾರೆ. ಬಾಗಿಲಲ್ಲೇ ನಿಂತು ನೋಡಿ ಹೋಗುತ್ತಾರೆ.

ನವೆಂಬರ್ ೧೧

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನಮ್ಮವರು. ಈ ವಾರ ದೊಡ್ಡಪ್ಪನನ್ನು ಕಾಣದವರೇ ಇಲ್ಲ. ಚಹಾ ಅಂಗಡಿಯವನಿಗೆ ಬೆನ್ನು ಕಂಡಿತಂತೆ. ಬಲೆ ಹೆಣೆಯುವವಳಿಗೆ ಕಣ್ಣು ಕಂಡಿತಂತೆ, ತಟ್ಟೆಯಷ್ಟು ಅಗಲ. ಕಟ್ಟೆ ಮೇಸ್ತ್ರಿಯ ದೋಣಿಗೆ ಕೆಳಗಿನಿಂದ ಗುದ್ದಿತಂತೆ. ಮೇಸ್ತ್ರಿ ಆವತ್ತು ಎಷ್ಟು ಕುಡಿದಿದ್ದ ಎಂದು ನಾನು ಕೇಳಿದ್ದಕ್ಕೆ ಒಬ್ಬರೂ ನಗಲಿಲ್ಲ. ಕಟ್ಟೆಯಲ್ಲಿ ನನ್ನ ಮಾತಿಗೆ ನಗದೆ ಇದ್ದದ್ದು ಇದೇ ಮೊದಲು.

ಬಲೆಗಳು ಖಾಲಿ ಬರುತ್ತಿವೆ. ಹೆದರಿ ದೂರ ಹೋಗುವವರೇ ಇಲ್ಲ, ಮೀನು ಎಲ್ಲಿಂದ ಬರಬೇಕು? ಐಸ್ ಗಡ್ಡೆಗಳು ಫ್ಯಾಕ್ಟರಿಯಲ್ಲೇ ಕೊಳೆಯುತ್ತಿವೆ. ಐಸ್ ಕೊಳೆಯುವುದಿಲ್ಲ ನಿಜ, ನನ್ನ ತಲೆ ಕೊಳೆಯುತ್ತಿದೆ.

ನವೆಂಬರ್ ೧೫

ತಮ್ಮ ಮನೆಗೆ ಬಂದ. ಕಟ್ಟೆಯವರು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಬಂದರು. ದೊಡ್ಡಪ್ಪನ ಬಾಯಿಂದ ಜೀವಂತ ಬಂದವನು ಇವನೊಬ್ಬನೇ ಎಂದು ಮೇಸ್ತ್ರಿ ಭಾಷಣ ಬಿಗಿದ. ತಮ್ಮ ಮೊಂಡುಗೈ ಎತ್ತಿ ತೋರಿಸಿದ. "ಇದಕ್ಕೆ ಬದಲು ಅದರ ತಲೆ ಬೇಕು!" ಎಂದು ಕೂಗಿದ. ನನಗೆ ಮೈ ಜುಮ್ಮೆಂದಿತು. ದೊಡ್ಡಪ್ಪ ಎದ್ದು ಒಳಗೆ ಹೋದರು.

ಮಧ್ಯಾಹ್ನವೇ ಬೇಟೆ ಶುರು. ಜೊಂಡಿನಲ್ಲಿ ಏನೋ ಅಲುಗಿತು ಎಂದು ಇಪ್ಪತ್ತು ಜನ ನುಗ್ಗಿದರು. ಸಿಕ್ಕಿದ್ದು ನೀರುನಾಯಿಗಳು, ತಾಯಿ ಮತ್ತು ಮರಿಗಳು. ಹುಟ್ಟಿನಿಂದ ಬಡಿದರು, ಕತ್ತಿಯಿಂದ ಕಡಿದರು. ತಾಯಿ ಸಾಯುವ ತನಕ ಮಗುವಿನ ಹಾಗೆ ಅರಚುತ್ತಿತ್ತು. ಕೊನೆಗೆ ಯಾವ ಕಾಲು ಯಾವುದರದು ಎಂದು ಗೊತ್ತಾಗದ ಹಾಗೆ ಮಾಡಿಟ್ಟರು. ದೊಡ್ಡಪ್ಪನ ಮರಿಗಳೇ ಇರಬೇಕು ಎಂದು ಮೇಸ್ತ್ರಿ ಹೇಳಿದ.

ತಮ್ಮನ ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. "ಅವು ಏನ್ ಮಾಡಿದ್ವು ಅಕ್ಕ, ಪಾಪ." ಪಾಪವೇನೋ ಹೌದು. ಆದರೆ ಗಂಡನ ಕೈ ಹೋದಾಗ ಇವಳು ಇಷ್ಟು ಅತ್ತದ್ದನ್ನು ನಾನು ನೋಡಲಿಲ್ಲ. ಹಾಗೆಂದು ಮುಖಕ್ಕೆ ಹೇಳಿಯೂಬಿಟ್ಟೆ.

ನವೆಂಬರ್ ೧೭

ಐಸ್ ಗಡ್ಡೆ ಎಳೆಯುವ ಕೊಕ್ಕೆಗೆ ಸಾಣೆ ಹಿಡಿಸಿದೆ. ಉದ್ದ ಹಿಡಿಯ ಕೊಕ್ಕೆ, ಮೊನೆ ಮೊಂಡಾಗಿತ್ತು. ಐಸಿಗೆ ಇಷ್ಟು ಚೂಪು ಬೇಕಿಲ್ಲ ಎಂದು ಸಾಣೆಯವನು ಹೇಳಿದ. ನಿನ್ನ ಕೆಲಸ ನೀನು ನೋಡು ಎಂದೆ.

ನವೆಂಬರ್ ೧೯

ಕ್ಯಾಮೆರಾದವನೊಬ್ಬ ಹೊರಗಿನಿಂದ ಬಂದಿದ್ದ. ಮೂರು ದಿನದಿಂದ ದಡದುದ್ದಕ್ಕೂ ಕ್ಯಾಮೆರಾ ನೆಟ್ಟುಕೊಂಡು ಕೂತಿದ್ದ. ಇವತ್ತು ಚಹಾ ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿದ, ಬೆನ್ನು ಎಂದು ಕಂಡದ್ದು ತೇಲುವ ಮರದ ದಿಮ್ಮಿ, ಅಷ್ಟೇ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಪೆಟ್ಟು ತಪ್ಪುತ್ತಿತ್ತು. ತಮ್ಮನ ಮೊಂಡುಗೈ ನೋಡಿ, "ಕಚ್ಚಿದ ಗಾಯ ಹೀಗಿರಲ್ಲ ಬ್ರದರ್. ಸಿಡಿಮದ್ದಿನ ತೋಟೆ ಎಸೆದು ಮೀನು ಹಿಡಿಯೋರ ಕೈ ಹೀಗೆ ಹೋಗೋದು ನೋಡಿದೀನಿ" ಎಂದ.

ತಮ್ಮ ಸೋಡಾ ಬಾಟಲಿಯನ್ನು ಎಡಗೈಯಲ್ಲಿ ಎತ್ತಿ ಅವನ ಮುಖಕ್ಕೆ ಒಡೆದ. ಆಮೇಲೆ ಯಾರು ಯಾರು ಹೊಡೆದರೋ. ಬೆಂಚು ಮುರಿಯಿತು, ಮುರಿದ ಕಾಲಿನಿಂದಲೂ ಹೊಡೆದರು. ಅವನು ಹೇಗೋ ಬಿಡಿಸಿಕೊಂಡು, ಒಂದು ಕಣ್ಣು ಮುಚ್ಚಿಕೊಂಡು, ಎದುರಿಗಿದ್ದ ನನ್ನ ಐಸ್ ಫ್ಯಾಕ್ಟರಿಯ ಕಡೆಗೇ ಓಡಿ ಬಂದ. "ಅಕ್ಕ, ಬಾಗಿಲು, ಅಕ್ಕ" ಎಂದ. ನಾನು ಬಾಗಿಲು ಹಾಕಿ ಚಿಲಕ ಇಟ್ಟೆ. ತಿನ್ನುವ ಮೀನಿಗೆ ಹಾಕುವ ಐಸು, ಅದರ ಮೇಲೆ ರಕ್ತ ಬಿದ್ದರೆ ಯಾರು ಕೊಳ್ಳುತ್ತಾರೆ? ಅವನು ಬಾಗಿಲು ಬಡಿಯುತ್ತಲೇ ಇದ್ದ. ಆಮೇಲೆ ಬಾಗಿಲು ಬಡಿದದ್ದು ಅವನ ಕೈಯಲ್ಲ, ತಲೆ.

ಸಂಜೆ ಬಾಗಿಲನ್ನು ಬಿಸಿನೀರು ಹಾಕಿ ತಿಕ್ಕಿದೆ. ಮರದ ಬಾಗಿಲು, ಒಳಗೆ ಇಳಿದದ್ದು ಹೋಗುವುದಿಲ್ಲ. ಹಸಿರು ಬಣ್ಣ ಹೊಡೆಸಬೇಕು.

ನವೆಂಬರ್ ೨೨

ಕ್ಯಾಮೆರಾದವನು ಆಸ್ಪತ್ರೆಯಲ್ಲಿ ಸತ್ತ. ಹೊಸ ಇನ್ಸ್‌ಪೆಕ್ಟರು ಬಂದಿದ್ದಾರೆ, ಈ ಕಡೆಯವರಲ್ಲ. ಕೆರೆಯ ಕಡೆ ಬೆನ್ನು ಹಾಕಿಯೇ ಕೂರುತ್ತಾರೆ. ಎಲ್ಲರದೂ ಒಂದೇ ಮಾತು. ದೊಡ್ಡಪ್ಪ ಬಂದ ಎಂದು ಯಾರೋ ಕೂಗಿದರು, ಜನ ಗಾಬರಿಯಲ್ಲಿ ಓಡಿದರು, ಅವನು ಕಾಲ್ತುಳಿತಕ್ಕೆ ಸಿಕ್ಕಿದ. ನಾನೂ ಅದನ್ನೇ ಹೇಳಿದೆ. ಇನ್ಸ್‌ಪೆಕ್ಟರು ನಂಬಿದ ಹಾಗೆ ಕಾಣಲಿಲ್ಲ. "ನಿಜವಾಗ್ಲೂ ಅಲ್ಲೊಂದು ಪ್ರಾಣಿ ಇದೆ ಅಂತಾದ್ರೆ ಸರಿ, ಗಾಬರಿ ಅನ್ನಬಹುದು. ಇಲ್ಲ ಅಂತಾದ್ರೆ ಇದು ಕೊಲೆ" ಎಂದರು.

ಇದೆ ಸಾರ್ ಎಂದೆ. ನನ್ನ ತಮ್ಮನ ಕೈ ನೋಡಿ ಎಂದೆ.

ನವೆಂಬರ್ ೨೪

ಪೆನ್ನು ಒತ್ತಿ ಒತ್ತಿ ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಮಧ್ಯಾಹ್ನ ಕೆಲಸವಿಲ್ಲದ ಹೊತ್ತಿಗೆ ದೊಡ್ಡಪ್ಪ ಫ್ಯಾಕ್ಟರಿಗೆ ಬಂದು ಖಾಲಿ ಪೆಟ್ಟಿಗೆಯ ಮೇಲೆ ಕುಳಿತರು. ತಮ್ಮನ ಹೆಂಡತಿಯೂ ಜೊತೆಗಿದ್ದಳು. "ಮಗಳೇ, ಒಂದು ಮಾತಿದೆ" ಎಂದರು.

"ಹೇಳಿ ದೊಡ್ಡಪ್ಪ."

"ಆ ಕ್ಯಾಮೆರಾದೋನು ಹೇಳಿದ್ದು ನಿಜ. ನಿನ್ನ ತಮ್ಮ ತೋಟೆ ಹಾಕ್ತಿದ್ದ. ಬತ್ತಿ ಬೇಗ ಹತ್ಕೊಂಡು ಕೈಯಲ್ಲೇ ಸಿಡೀತು. ಆ ಸದ್ದು ಕೇಳೇ ನಾನು ಹೋಗಿದ್ದು. ದೋಣಿಲಿ ಇನ್ನೂ ನಾಲ್ಕು ತೋಟೆ ಇತ್ತು, ನಾನೇ ನೀರಿಗೆ ಎಸೆದೆ. ಹುಡುಗ ಜೈಲಿಗೆ ಹೋಗ್ತಾನಲ್ಲ ಅಂತ ಬಾಯಿ ಮುಚ್ಕೊಂಡೆ."

ನಾನು ಸುಳ್ಳು ಎಂದೆ.

"ಸುಳ್ಳು ಹೇಳೋಕೆ ನನಗೇನು ಬಂದಿದೆ? ಒಂದು ಸುಳ್ಳಿಗೆ ಒಂದು ಹೆಣ ಬಿತ್ತು. ನೀರುನಾಯಿ ಮರಿ ತನಕ ಕೊಂದ್ರು. ಇಪ್ಪತ್ತಾರಕ್ಕೆ ಕೆರೆ ಕೊಲ್ಲಿಗೆ ಬಲೆ ಕಟ್ಟಿ ಎಲ್ಲ ಸೇರಿ ಬೇಟೆ ಅಂತೆ. ಇನ್ನೆಷ್ಟು ಜನ ಸಾಯ್ಬೇಕು? ಇಪ್ಪತ್ತಾರರ ತನಕ ಅವನಿಗೆ ಟೈಮ್ ಕೊಡ್ತೀನಿ, ಅದಾದ ಮೇಲೆ ನಾನು ಇನ್ಸ್‌ಪೆಕ್ಟರ್ ಹತ್ರ ಹೋಗ್ತೀನಿ. ಮೊದಲು ಅವನೇ ಹೋಗಿ ಒಪ್ಕೊಂಡ್ರೆ ಒಳ್ಳೇದು. ನೀನು ಹೇಳಿದ್ರೆ ಕೇಳ್ತಾನೆ."

"ಒಪ್ಕೊಂಡ್ರೆ ಏನಾಗುತ್ತೆ ಗೊತ್ತಾ? ತೋಟೆಗೊಂದು, ಕೊಲೆಗೊಂದು! ಇದ್ದೊಂದು ಕೈಗೂ ಬೇಡಿ! ನಿಮ್ಮ ಹೊಟ್ಟೇಲಿ ಹುಟ್ಟಿದ್ರೆ ಹೀಗೆ ಮಾಡ್ತಿದ್ರಾ?"

ಅವರು ಮುಖಕ್ಕೆ ಹೊಡೆಸಿಕೊಂಡವರ ಹಾಗೆ ಕುಳಿತರು. ತಮ್ಮನ ಹೆಂಡತಿ ನಡುವೆ ಬಾಯಿ ಹಾಕಿದಳು. "ದೊಡ್ಡಪ್ಪ ಹೇಳೋದು ಸರಿ ಅಕ್ಕ. ರಾತ್ರಿ ನಿದ್ದೇಲಿ ಇವರೇ ತೋಟೆ ತೋಟೆ ಅಂತ ಬಡಬಡಿಸ್ತಾರೆ." ಅವಳ ಕೆನ್ನೆಗೆ ಬಾರಿಸಿದೆ. ತುಟಿ ಒಡೆದು ರಕ್ತ ಬಂತು. ಅವಳ ಕೆನ್ನೆಗೆ ಐಸ್ ಒತ್ತಿದ್ದು ದೊಡ್ಡಪ್ಪ.

ಹೊರಡುವಾಗ ಅವರು ನನ್ನ ತಲೆ ಸವರಿದರು. "ಸಿಟ್ಟು ಮೂಗಿನ ತುದೀಲೇ, ನಿಮ್ಮಪ್ಪನ ಹಾಗೇ" ಎಂದರು. ಆ ಕೈ ತಳ್ಳಿಬಿಟ್ಟೆ.

ನವೆಂಬರ್ ೨೫

ತಮ್ಮನನ್ನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾನೆ.

ಊಟ ತುತ್ತು ಮಾಡಿ ತಿನ್ನಿಸಿದೆ. ಎಡಗೈ ಇನ್ನೂ ಅವನ ಮಾತು ಕೇಳುವುದಿಲ್ಲ. ತಿನ್ನುತ್ತಾ ತಿನ್ನುತ್ತಾ ಅತ್ತ. "ದೊಡ್ಡಪ್ಪ ನಿನ್ ಹತ್ರ ಏನಾದ್ರೂ ಹೇಳಿದ್ರಾ ಅಕ್ಕ?" ಎಂದ.

ಏನೂ ಇಲ್ಲ, ತಿನ್ನು ಎಂದೆ. ಸಣ್ಣವನಿದ್ದಾಗ ಕೆರೆಯಲ್ಲಿ ಮುಳುಗಿದ್ದವನನ್ನು ಜುಟ್ಟು ಹಿಡಿದು ಎಳೆದವಳು ನಾನು. ಅವನನ್ನು ಯಾವನೂ ಎಲ್ಲಿಗೂ ಒಯ್ಯಲಾರ. ನಾಳೆ ಬೆನ್ನು ಅಂತ ಒಂದು ಸಿಕ್ಕಿಬಿಟ್ಟರೆ ಸಾಕು. ಸತ್ತ ಪ್ರಾಣಿಯನ್ನು ಕಟ್ಟೆಗೆ ಎಳೆದು ಹಾಕಿದರೆ ಇನ್ಸ್‌ಪೆಕ್ಟರ ಬಾಯಿ ತಾನಾಗಿ ಮುಚ್ಚುತ್ತದೆ. ದೊಡ್ಡ ಮೀನೋ ಮತ್ತೊಂದೋ, ಏನಾದರೂ ಆಗಲಿ. ನಾಳೆ ನಾನೂ ದೋಣಿಯಲ್ಲಿ ಹೋಗುತ್ತೇನೆ.

ನವೆಂಬರ್ ೨೬

ದೊಡ್ಡಪ್ಪ ಹೋದರು.

ನವೆಂಬರ್ ೨೮

ಇನ್ಸ್‌ಪೆಕ್ಟರ ಹತ್ತಿರ ಹೇಳಿದ ಹಾಗೆಯೇ ಇಲ್ಲಿಯೂ ಬರೆದಿಡುತ್ತೇನೆ. ಮರೆತುಹೋಗಬಾರದು.

ಬೆಳಗಿನ ಹೊತ್ತು, ಕೊಲ್ಲಿಯ ಮೇಲೆಲ್ಲ ಮಂಜು. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ಬಲೆ ಕಟ್ಟಿತ್ತು. ದೋಣಿಗಳು ಸಾಲಾಗಿ ನಿಂತು, ಹುಟ್ಟಿನಿಂದ ನೀರು ಬಡಿಯುತ್ತ, ಒಳಗಿರುವುದನ್ನು ಬಲೆಯ ಕಡೆಗೆ ಓಡಿಸುತ್ತಿದ್ದೆವು. ಮೇಸ್ತ್ರಿಯ ದೋಣಿಯ ಮೂತಿಯಲ್ಲಿ ನಾನು ಕೊಕ್ಕೆ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ತಮ್ಮ. ಬೇಡ ಎಂದರೂ ಬಂದಿದ್ದ.

ಬಲೆಯ ಹತ್ತಿರ ನೀರು ಕಲಕಿತು. ಮಂಜಿನೊಳಗಿನಿಂದ ಒಂದು ಹೆಣ್ಣುದನಿ ಕೂಗಿತು. "ದೊಡ್ಡಪ್ಪ" ಎಂದು ಕೂಗಿತು. ಎರಡು ಸಲ, ಮೂರು ಸಲ. ಕಪ್ಪಗೆ ಒಂದು ಬೆನ್ನು ಮೇಲೆದ್ದಿತು. ತಮ್ಮ "ಹೊಡಿ ಅಕ್ಕ, ಹೊಡಿ!" ಎಂದ.

ಹೊಡೆದೆ. ಕೊಕ್ಕೆ ಕತ್ತಿನ ಬುಡದಲ್ಲಿ ಇಳಿಯಿತು. ಐಸ್ ಗಡ್ಡೆಗೆ ಇಳಿದಾಗ ಟಕ್ಕೆನ್ನುತ್ತದೆ. ಇದು ಸದ್ದೇ ಮಾಡಲಿಲ್ಲ. ಹಿಂದಕ್ಕೆ ಎಳೆದೆ, ಬರಲಿಲ್ಲ. ಕಾಲು ಊರಿ ಎಳೆದೆ. ಆಗ ಉಳಿದ ದೋಣಿಗಳು ಬಂದು ಸುತ್ತುಗಟ್ಟಿದವು. ಹುಟ್ಟು, ಸಲಾಕೆ, ಕತ್ತಿ, ಯಾರ ಕೈಯಲ್ಲಿ ಏನಿತ್ತೋ ಅದರಿಂದ. ನೀರು ಕುದಿಯುವ ಹಾಗೆ ಆಯಿತು. ನನ್ನ ಬಾಯೊಳಗೂ ರಕ್ತ ಹಾರಿತು. ಯಾರೋ ನಗುತ್ತಿದ್ದರು. ಎಲ್ಲರೂ ಕೂಗುತ್ತಿದ್ದರು, ನಾನೂ ಕೂಗುತ್ತಿದ್ದೆ. ಅದು ಮಗ್ಗುಲಾಯಿತು. ಅದಕ್ಕೆ ಅಂಗಿ ಇತ್ತು. ನಾನೇ ಗುಂಡಿ ಹೊಲಿದುಕೊಟ್ಟಿದ್ದ ಕಂದು ಅಂಗಿ.

ಕೈಯಲ್ಲಿ ಚಾಕು ಹಾಗೇ ಇತ್ತು. ಬಲೆ ಕತ್ತರಿಸಿ ಬೇಟೆ ಕೆಡಿಸಲು ನೀರಿಗಿಳಿದಿದ್ದರು. ಸ್ವಲ್ಪ ದೂರದಲ್ಲಿ, ಅವರ ದೋಣಿಯಲ್ಲಿ, ಹುಟ್ಟು ಹಿಡಿದುಕೊಂಡು ತಮ್ಮನ ಹೆಂಡತಿ ನಿಂತಿದ್ದಳು. ಕೂಗಿದವಳು ಅವಳು. ಬಾಯಿ ತೆರೆದೇ ಇತ್ತು, ಈಗ ಸದ್ದು ಬರುತ್ತಿರಲಿಲ್ಲ.

ನವೆಂಬರ್ ೩೦

ಇನ್ಸ್‌ಪೆಕ್ಟರು ಎಲ್ಲರನ್ನೂ ಮೀನುಗಾರರ ಸಂಘದ ಕೋಣೆಯಲ್ಲಿ ಕೂರಿಸಿ ಕೇಳಿದರು. ತಮ್ಮನ ಹೆಂಡತಿ ಎದ್ದು ನಿಂತು, ನಡುಗದೆ, ನನ್ನ ಕಡೆ ಬೆರಳು ತೋರಿಸಿ ಹೇಳಿದಳು.

"ದೊಡ್ಡಪ್ಪ ಇದ್ದಾರೆ, ನೀರಲ್ಲಿ ಇದ್ದಾರೆ ಅಂತ ಕೂಗಿದೆ ಸಾರ್. ಆ ಪ್ರಾಣಿಗೆ ಯಾರಾದ್ರೂ 'ಇದ್ದಾರೆ' ಅಂತಾರಾ? ಅದಕ್ಕೆ 'ಇದ್ದಾನೆ', ಮನೆಯೋರಿಗೆ 'ಇದ್ದಾರೆ'. ಇದನ್ನ ನನಗೆ ಕಲಿಸಿದ್ದೇ ಇವರು. ಇವರಿಗೆ ಕೇಳಿಸಿದೆ. ಅಕ್ಕಂಗೆ ಗೊತ್ತಿತ್ತು, ದೊಡ್ಡಪ್ಪ ಆಮೇಲೆ ನಿಮ್ಮ ಹತ್ರ ಬರೋರಿದ್ರು ಅಂತ."

ಬಂದು ಏನು ಹೇಳೋರಿದ್ರು ಎಂದು ಅವರು ಕೇಳಿದರೆ ಗಂಡನ ಮುಖ ನೋಡಿ ಕುಳಿತುಬಿಟ್ಟಳು. ತಮ್ಮ ತಲೆ ಎತ್ತಲಿಲ್ಲ. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು.

"ಸಾರ್, ಅವಳು ಹೊರಗಿಂದ ಬಂದೋಳು" ಎಂದೆ. "ನಾವು ಕೆರೆ ಜನ. ಬಂದ, ಬಂದ್ರು, ಇದ್ದಾನೆ, ಇದ್ದಾರೆ, ನಮ್ಮ ಬಾಯಲ್ಲಿ ಎಲ್ಲಾ ಒಂದೇ. ಬಹುವಚನ ಎಲ್ಲ ಓದಿದೋರ ಮನೇಲಿ. ನಾವು ಪ್ರಾಣಿಗೂ ಹಾಗೇ ಅಂತೀವಿ, ಮನುಷ್ಯರಿಗೂ ಹಾಗೇ ಅಂತೀವಿ. ನನಗೆ ಕೇಳಿಸಿದ್ದು ದೊಡ್ಡಪ್ಪ ಅಂತ ಮಾತ್ರ."

ಮೇಸ್ತ್ರಿ ಹೌದು ಸಾರ್ ಎಂದ. ಚಹಾ ಅಂಗಡಿಯವನೂ ಹೌದೆಂದ. ಎಲ್ಲರ ಕೈಗಳೂ ಆ ನೀರಿನಲ್ಲಿ ಮುಳುಗಿದ್ದವೇ, ಹೌದೆನ್ನದೆ ಏನು ಮಾಡುತ್ತಾರೆ? ಇನ್ಸ್‌ಪೆಕ್ಟರು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. ಕೊನೆಗೆ ಹೆಸರಿನ ಗೊಂದಲ, ಆಕಸ್ಮಿಕ ಎಂದು ಬರೆದುಕೊಂಡರು. ನಾನು ನಿಜವನ್ನೇ ಹೇಳಿದ್ದು. ಅಷ್ಟು ಗದ್ದಲದಲ್ಲಿ ಯಾರಿಗೆ ಏನು ಕೇಳಿಸುತ್ತದೆ?

ಡಿಸೆಂಬರ್ ೨

ತಮ್ಮ ಫ್ಯಾಕ್ಟರಿಗೆ ಬಂದ. ದೊಡ್ಡಪ್ಪ ಕುಳಿತಿದ್ದ ಪೆಟ್ಟಿಗೆಯ ಮೇಲೇ ಕುಳಿತ. ಏಳು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

"ಇನ್ನು ಯಾರಿಗೂ ಗೊತ್ತಾಗಲ್ಲ ಅಲ್ವಾ ಅಕ್ಕ?" ಎಂದ.

"ಏನು?"

"ಅದೇ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು."

ಕೈಯಲ್ಲಿ ಐಸ್ ಗಡ್ಡೆ ಇತ್ತು. ಅವನ ತಲೆ ನನ್ನ ಸೊಂಟದ ಎತ್ತರಕ್ಕಿತ್ತು. ಗಡ್ಡೆಯನ್ನು ಮಷೀನಿಗೆ ಹಾಕಿದೆ. ಅದರ ಸದ್ದು ನಿಲ್ಲುವಷ್ಟರಲ್ಲಿ ಅವನು ಎದ್ದು ಹೋಗಿದ್ದ. ಎಷ್ಟಾದರೂ ಬೆನ್ನಿಗೆ ಬಿದ್ದವನು. ಅವನಿಗೆ ನನ್ನನ್ನು ಬಿಟ್ಟರೆ ಯಾರಿದ್ದಾರೆ?

ಡಿಸೆಂಬರ್ ೫

ತಮ್ಮನ ಹೆಂಡತಿ ನೆರೆಯವರ ಮನೆಗೆ ಹೋಗಿ ಮಲಗುತ್ತಿದ್ದಾಳೆ. ಹೋಗಲಿ, ಮೂಗು ಹಿಡಿದರೆ ಬಾಯಿ ತೆರೆಯಲೇಬೇಕು, ಎಲ್ಲಿಗೆ ಹೋಗುತ್ತಾಳೆ.

ಇವತ್ತು ಚಹಾ ಮಾಡಿ ಲೋಟಕ್ಕೆ ಹಾಕುವಾಗ ನೋಡಿದರೆ ದೊಡ್ಡಪ್ಪನ ಲೋಟಕ್ಕೂ ಹಾಕಿದ್ದೆ. ಚೆಲ್ಲಲು ಮನಸ್ಸಾಗಲಿಲ್ಲ. ಕುಳಿತು ಅದನ್ನೂ ಕುಡಿದೆ. ಆಮೇಲೆ ಒಲೆಯ ಮುಂದೆ ಬಿದ್ದುಕೊಂಡು, ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತೆ. ನನ್ನ ದೊಡ್ಡಪ್ಪ. ಜಡೆ ಹಾಕುವಾಗ ಆ ಒರಟು ಬೆರಳಿಗೆ ನನ್ನ ಕೂದಲು ಸಿಕ್ಕಿ ಎಳೆದರೆ, ನಾನು ಚೀರುವ ಮೊದಲೇ ಅವರು ಅಯ್ಯೋ ಎನ್ನುತ್ತಿದ್ದರು.

ಡಿಸೆಂಬರ್ ೯

ಇವತ್ತು ಮೊದಲ ಸಲ ದೋಣಿಗಳು ದೂರ ಹೋದವು. ಬೆಳಿಗ್ಗೆ ಐಸ್ ಕೊಡಲು ನಾನು ಕಟ್ಟೆಯ ಮೇಲಿದ್ದೆ. ಇನ್ಸ್‌ಪೆಕ್ಟರು ಕೇಸು ಮುಗಿಯಿತೆಂದು, ಹೊರಡುವ ಮುಂಚೆ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು. ತಮ್ಮ, ಮೇಸ್ತ್ರಿ, ಎಲ್ಲ ಇದ್ದರು. ತಮ್ಮನ ಹೆಂಡತಿ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು.

ಬಲೆ ಹೆಣೆಯುವವಳ ಮಗ, ಮೀಸೆ ಬಂದರೂ ಬುದ್ಧಿ ಬಾರದವನು, ದೋಣಿಯಿಂದ ಹಾರಿ ಓಡಿ ಬಂದ. ಮುಖ ಬಿಳುಚಿಕೊಂಡಿತ್ತು.

"ಅಕ್ಕಾ! ದೊಡ್ಡಪ್ಪ ಬಂದ! ಕೊಲ್ಲಿ ಹತ್ರ ದೊಡ್ಡಪ್ಪ ಬಂದ! ಕೊಕ್ಕೆ ತಗೊಳ್ಳಿ!"

ನನಗೆ ಕಣ್ಣು ಕತ್ತಲೆ ಬಂತು. ಅವನ ಕತ್ತಿನಪಟ್ಟಿ ಹಿಡಿದು ಕೆನ್ನೆಗೆ ಬಿಗಿದೆ. ಬಿದ್ದ. ಬಿದ್ದವನನ್ನು ಒದ್ದೆ.

"ಯಾವನೋ ನೀನು, ಬಂದ ಅನ್ನೋಕೆ? ನಿನ್ನ ಓರಗೆಯೋರಾ ಅವರು? ನಾಲಿಗೆ ಸೀಳಿಹಾಕ್ತೀನಿ! ಬಂದ್ರು ಅನ್ನು! ದೊಡ್ಡಪ್ಪ ಬಂದ್ರು ಅನ್ನೋ!"

ಅವನು ಮೂಗಿನಿಂದ ಇಳಿಯುವ ರಕ್ತ ಒರೆಸಿಕೊಳ್ಳುತ್ತಾ, "ಬಂದ್ರು, ಬಂದ್ರು" ಎಂದ. ಮತ್ತೊಮ್ಮೆ ಹೇಳಿಸಿದೆ. ಸರಿಯಾಗಿ ಹೇಳುವ ತನಕ ಬಿಡಲಿಲ್ಲ. "ಈ ಕಟ್ಟೇಲಿ ಹುಟ್ಟಿ ಬೆಳೆದೋನಿಗೆ ಅಷ್ಟೂ ಗೊತ್ತಾಗಲ್ವಾ? ಎರಡು ವರ್ಷದ ಮಗುವಿಗೂ ಗೊತ್ತಿರುತ್ತೆ ಇಲ್ಲಿ!"

ಆಮೇಲೆ ತಲೆ ಎತ್ತಿ ನೋಡಿದೆ. ಮೇಸ್ತ್ರಿ ನೆಲ ನೋಡುತ್ತಿದ್ದ. ತಮ್ಮ ನನ್ನ ಕಡೆ ತಲೆ ಅಲ್ಲಾಡಿಸುತ್ತಿದ್ದ, ಬೇಡ ಬೇಡ ಎನ್ನುವ ಹಾಗೆ. ತಮ್ಮನ ಹೆಂಡತಿ ಒದ್ದೆ ಕೈಯಲ್ಲೇ ಅಂಗಡಿಯ ಮುಂದೆ ಬಂದು ನಿಂತಳು.

"ಕೇಳಿಸ್ಕೊಂಡ್ರಾ ಸಾರ್?" ಎಂದಳು, ಮೆತ್ತಗೆ.

ಇನ್ಸ್‌ಪೆಕ್ಟರು ಲೋಟ ಕೆಳಗಿಟ್ಟರು. ಹೊರಟಿದ್ದವರು ಮತ್ತೆ ಬೆಂಚಿನ ಮೇಲೆ ಕುಳಿತರು. ನಾಳೆ ಬೆಳಿಗ್ಗೆ ಸ್ಟೇಷನ್ನಿಗೆ ಬಾ, ತಮ್ಮನನ್ನೂ ಕರೆದುಕೊಂಡು ಬಾ ಎಂದರು. ಯಾಕೆ ಎಂದು ಕೇಳಿದೆ, ಹೇಳಲಿಲ್ಲ. ತಮ್ಮ ಆಗಿನಿಂದ ಬಾಗಿಲು ಹಾಕಿಕೊಂಡು ಕುಳಿತಿದ್ದಾನೆ, ಕರೆದರೂ ತೆರೆಯುತ್ತಿಲ್ಲ.

ದೊಡ್ಡವರಿಗೆ ಮರ್ಯಾದೆ ಕೊಡು ಎಂದು ಬುದ್ಧಿ ಹೇಳಿದೆ, ಅಷ್ಟೇ. ಅದರಲ್ಲಿ ತಪ್ಪೇನಿದೆ? ನಾಳೆ ಐಸ್ ಲಾರಿ ಬರುವ ಹೊತ್ತಿಗೆ ನಾನು ಸ್ಟೇಷನ್ನಿನಲ್ಲಿರಬೇಕು. ಫ್ಯಾಕ್ಟರಿಯ ಬೀಗದ ಕೈ ಯಾರ ಹತ್ತಿರ ಕೊಡುವುದೋ, ದೊಡ್ಡಪ್ಪ ಇದ್ದಿದ್ದರೆ ಅವರ ಹತ್ತಿರವೇ ಕೊಟ್ಟು ಹೋಗುತ್ತಿದ್ದೆ.